ಎರಡು ವರ್ಷ ಎಂಟು ತಿಂಗಳು, ಪಾಟಿ ಕಂಡರೆ ಓಟ

ಗುಂಪಿನ ನಿರ್ವಾಹಕಿ:
ಈ ವಾರ ಪುಟ್ಟ ಮಕ್ಕಳ ಪಾಟಿ (ಉಚ್ಚೆ, ಕಕ್ಕಕ್ಕೆ ಕೂರಿಸುವ ಚಿಕ್ಕ ಪೀಠ) ಅಭ್ಯಾಸದ ಪ್ರಶ್ನೆಗಳು. ಉತ್ತರ ಕೊಡುವವರು ಶಿವಮೊಗ್ಗದ ಒಬ್ಬ ಮಕ್ಕಳ ವೈದ್ಯೆ, ತೀರ್ಥಹಳ್ಳಿ ತಾಲ್ಲೂಕಿನ ಒಬ್ಬ ಅಂಗನವಾಡಿ ಟೀಚರ್. ಮಗುವಿನ ವಯಸ್ಸು, ತೂಕ, ಎಷ್ಟು ದಿನಕ್ಕೊಮ್ಮೆ ಹೋಗುತ್ತದೆ, ಇಷ್ಟನ್ನು ಬರೆಯಿರಿ. ಫೋಟೋ ಹಾಕಬೇಡಿ ಮಾರಾಯ್ರೆ, ಊಟ ಮಾಡುತ್ತಾ ಗುಂಪು ನೋಡುವವರಿದ್ದಾರೆ.

ಪ್ರಶ್ನೆ (ಹೊಸನಗರ ಕಡೆಯ ತಾಯಿ):
ಡಾಕ್ಟ್ರೇ, ಮಗನಿಗೆ ಎರಡು ವರ್ಷ ಎಂಟು ತಿಂಗಳು. ಉಚ್ಚೆ ಬಂದರೆ ಹೇಳ್ತಾನೆ, ಬಚ್ಚಲಿಗೆ ಹೋಗಿ ಹೊಯ್ತಾನೆ. ಕಕ್ಕಕ್ಕೆ ಮಾತ್ರ ಪಾಟಿ ಮೇಲೆ ಕೂರೋದೇ ಇಲ್ಲ, ಕಂಡರೆ ಓಡ್ತಾನೆ. ಮೂರು ದಿನಕ್ಕೊಮ್ಮೆ ತಾನೇ ಡೈಪರ್ ತಂದು ಹಾಕು ಅಂತಾನೆ. ಬಾಗಿಲ ಹಿಂದೆ ನಿಂತು, ಕಾಲು ಬಿಗಿ ಹಿಡಿದು, ಮುಖ ಕೆಂಪು ಮಾಡಿಕೊಂಡು ಮುಕ್ಕಿ ಮುಕ್ಕಿ ಹೋಗ್ತಾನೆ. ಜೂನ್‌ನಲ್ಲಿ ಪ್ಲೇಹೋಮ್‌ಗೆ ಸೇರಿಸಬೇಕು, ಅಲ್ಲಿ ಡೈಪರ್ ಬೇಡ ಅಂದಿದ್ದಾರೆ. ಇದೆಲ್ಲ ಹಠ, ಎರಡು ಬಿಟ್ಟರೆ ಸರಿ ಹೋಗ್ತದೆ ಅಂತ ಅತ್ತೆ. ಏನು ಮಾಡೋದು?

ಮಕ್ಕಳ ವೈದ್ಯೆ:
ಏಟಿನ ಮಾತು ಸದ್ಯ ಪಕ್ಕಕ್ಕಿರಲಿ. ನೀವು ನಡುವೆ ಹಗುರವಾಗಿ ಬರೆದುಬಿಟ್ಟ ‘ಮೂರು ದಿನಕ್ಕೊಮ್ಮೆ’ ಅನ್ನುವುದೇ ನನಗೆ ಮುಖ್ಯವಾಗಿ ಕಂಡಿತು. ಇನ್ನು ನಾಲ್ಕು ವಿಷಯ ಹೇಳಿ. ಮಲ ಹೇಗಿರುತ್ತದೆ: ಆಡಿನ ಹಿಕ್ಕೆಯಂತೆ ಉಂಡೆಯೋ, ಬಿರುಕು ಬಿಟ್ಟ ದಪ್ಪ ಕೊರಡೋ, ಮಾಗಿದ ಬಾಳೆಹಣ್ಣಿನಂತೆ ಮೆತ್ತಗೋ? ರಕ್ತ ಅಂಟಿರುತ್ತದೆಯೇ? ದಿನಕ್ಕೆ ಎಷ್ಟು ಹಾಲು ಕುಡಿಯುತ್ತಾನೆ? ನಡುನಡುವೆ ಚಡ್ಡಿಗೆ ಸ್ವಲ್ಪ ಸ್ವಲ್ಪ ಕಲೆ ಆಗುತ್ತದೆಯೇ?

ಹೊಸನಗರ ಕಡೆಯ ತಾಯಿ:
ದಪ್ಪ, ಗಟ್ಟಿ, ಮೇಲೆ ಬಿರುಕು. ಎರಡು ಸಲ ಹೊರಗೆ ಕೆಂಪು ಗೆರೆ ಕಂಡಿತ್ತು. ಹಾಲು ಬಾಟಲಿಯಲ್ಲಿ, ನಡುರಾತ್ರಿಯದೂ ಸೇರಿ ಒಂದು ಲೀಟರ್ ಹತ್ತಿರ. ಮನೆ ಹಸುವಿನದೇ. ಕಲೆ ಆಗ್ತದೆ, ನಾನು ಸರಿಯಾಗಿ ತೊಳೆದಿಲ್ಲ ಅಂದ್ಕೊಂಡಿದ್ದೆ. ತೂಕ 12 ಕೆ.ಜಿ.

ಮಕ್ಕಳ ವೈದ್ಯೆ:
ನೀವು ಸರಿಯಾಗಿಯೇ ತೊಳೆದಿದ್ದೀರಿ. ಪಾಟಿ ಕಲಿಸುವುದು ಆಮೇಲಿನ ಮಾತು, ನಿಮ್ಮ ಮಗನಿಗೆ ಮಲಬದ್ಧತೆ ಇದೆ.

ಒಳಗೆ ಆಗುತ್ತಿರುವುದು ಹೀಗೆ. ಯಾವತ್ತೋ ಒಮ್ಮೆ ಗಟ್ಟಿ ಮಲ ಹೋಗುವಾಗ ಗುದದ ಅಂಚು ಸೀಳಿ ಉರಿದಿದೆ, ಆ ಕೆಂಪು ಗೆರೆ ಅದೇ. ಮಗುವಿಗೆ ನೆನಪಿರುವುದು ಒಂದೇ, ಅಲ್ಲಿ ಕೂತರೆ ನೋವು. ಮುಂದಿನ ಸಲ ಒತ್ತಡ ಬಂದಾಗ ತಡೆಹಿಡಿಯುತ್ತಾನೆ. ತಡೆದಷ್ಟೂ ದೊಡ್ಡ ಕರುಳು ಆ ಮಲದಿಂದ ನೀರು ಹೀರುತ್ತಲೇ ಇರುತ್ತದೆ, ಅದು ಇನ್ನೂ ಗಟ್ಟಿ, ಇನ್ನೂ ದಪ್ಪ ಆಗುತ್ತದೆ, ಕೊನೆಗೆ ಹೊರಬರುವಾಗ ಮತ್ತೆ ನೋವು. ಹೀಗೆ ವಾರಗಟ್ಟಲೆ ನಡೆದರೆ ಗುದದ ಮೇಲಿನ ಚೀಲ ಹಿಗ್ಗಿ, ‘ಬಂತು’ ಅನ್ನುವ ಅರಿವೇ ಮಂಕಾಗುತ್ತದೆ. ಗಟ್ಟಿ ಮಲದ ಪಕ್ಕದಿಂದ ನೀರಾದದ್ದು ಜಿನುಗಿ ಚಡ್ಡಿಗೆ ಕಲೆ ಆಗುವುದು ಆ ಹಂತದಲ್ಲಿ. ಅದು ಅವನ ಕೈಯಲ್ಲಿಲ್ಲ, ಬೈದು ಪ್ರಯೋಜನವಿಲ್ಲ. ಕೆಲವರು ಇದನ್ನು ಭೇದಿ ಅಂದುಕೊಂಡು ಭೇದಿ ನಿಲ್ಲುವ ಔಷಧಿ ಕೊಟ್ಟುಬಿಡುತ್ತಾರೆ. ಅದರಿಂದ ತೊಂದರೆ ದುಪ್ಪಟ್ಟು.

ಇನ್ನೊಂದು. ಕಾಲು ಬಿಗಿ ಹಿಡಿದು, ತುದಿಗಾಲಲ್ಲಿ ನಿಂತು, ಮುಖ ಕೆಂಪಾಗುವುದನ್ನು ಎಲ್ಲರೂ ಮುಕ್ಕುವುದು ಅಂತಲೇ ತಿಳಿಯುತ್ತಾರೆ. ಬಹುಪಾಲು ಅದು ತಡೆಯುವ ಭಂಗಿ. ಮುಕ್ಕುವ ಮಗು ಮೊಣಕಾಲು ಮಡಚಿ ಕುಕ್ಕರಗಾಲಲ್ಲಿ ಕೂರುತ್ತದೆ. ಕಾಲು ಕತ್ತರಿ ಹಾಕಿ, ಪಿರ್ರೆ ಬಿಗಿದು ನೆಟ್ಟಗೆ ನಿಲ್ಲುವ ಮಗು ಬಾಗಿಲು ಮುಚ್ಚುತ್ತಿದೆ.

ಅದಕ್ಕೇ ಮೊದಲ ಕೆಲಸ, ಪಾಟಿಯನ್ನು ಎರಡು ಮೂರು ವಾರ ಮರೆತುಬಿಡಿ. ಕೇಳಿದಾಗ ಡೈಪರ್ ಹಾಕಿ, ಮುಖ ಸಿಂಡರಿಸಬೇಡಿ. ಅಷ್ಟರೊಳಗೆ ತಾಲ್ಲೂಕು ಆಸ್ಪತ್ರೆಯಲ್ಲಾದರೂ ಸರಿ, ಮಕ್ಕಳ ಡಾಕ್ಟರಿಗೆ ಹೊಟ್ಟೆ ಮುಟ್ಟಿ ನೋಡಲು ಹೇಳಿ. ಒಳಗೆ ಮಲ ಕಟ್ಟಿಕೊಂಡಿದೆಯೋ ಇಲ್ಲವೋ ಅನ್ನುವುದರ ಮೇಲೆ ಔಷಧಿಯ ಪ್ರಮಾಣ ನಿಲ್ಲುತ್ತದೆ. ಸಾಮಾನ್ಯವಾಗಿ ಬರೆಯುವುದು ಪಾಲಿಎಥಿಲೀನ್ ಗ್ಲೈಕಾಲ್ ಪುಡಿ. ಕಟ್ಟಿಕೊಂಡಿದ್ದರೆ ದಿನಕ್ಕೆ ಕೆ.ಜಿ. ತೂಕಕ್ಕೆ 1ರಿಂದ 1.5 ಗ್ರಾಂನಂತೆ ಮೂರರಿಂದ ಆರು ದಿನ. ಆಮೇಲೆ ದಿನನಿತ್ಯಕ್ಕೆ 0.4 ಗ್ರಾಂ ಆಸುಪಾಸು, ಅಂದರೆ 12 ಕೆ.ಜಿ.ಗೆ ಸುಮಾರು 5 ಗ್ರಾಂ. ಮಲ ನೋಡಿಕೊಂಡು ಹೆಚ್ಚು ಕಮ್ಮಿ ಮಾಡುತ್ತೇವೆ. ಈ ಪುಡಿ ಕರುಳಿನಲ್ಲಿ ನೀರನ್ನು ಹಿಡಿದಿಟ್ಟು ಮಲವನ್ನು ಮೆತ್ತಗಿಡುತ್ತದೆ, ರಕ್ತಕ್ಕೆ ಸೇರುವುದು ಅತ್ಯಲ್ಪ. ಪುಡಿ ಇಷ್ಟು ಗ್ರಾಂ ಆದರೆ ನೀರು ಎಷ್ಟು ಅಂತ ಚೀಟಿಯಲ್ಲೇ ಬರೆಸಿಕೊಳ್ಳಿ, ನೀರು ಕಮ್ಮಿ ಹಾಕಿದರೆ ಪುಡಿ ಕೆಲಸ ಮಾಡದು. ಇದು ಸಿಗದಿದ್ದರೆ ಲ್ಯಾಕ್ಟುಲೋಸ್ ಸಿರಪ್ ಇದೆ, ಅದರಲ್ಲಿ ಹೊಟ್ಟೆ ಉಬ್ಬರ ಸ್ವಲ್ಪ ಹೆಚ್ಚು. ಮೆಡಿಕಲ್‌ನಲ್ಲಿ ದೊಡ್ಡವರ ಕರುಳು ತೊಳೆಯುವ ದೊಡ್ಡ ಪೊಟ್ಟಣವೂ ಇದೇ ಹೆಸರಲ್ಲಿ ಇರುತ್ತದೆ, ಅದನ್ನು ಅಂದಾಜಿಗೆ ಚಮಚದಲ್ಲಿ ಕೊಡಬೇಡಿ.

ಎಲ್ಲರೂ ತಪ್ಪುವುದು ಇಲ್ಲಿ: ನಾಲ್ಕು ದಿನ ಸಲೀಸಾಗಿ ಹೋದ ಕೂಡಲೇ ಔಷಧಿ ನಿಲ್ಲಿಸುತ್ತಾರೆ. ಕನಿಷ್ಠ ಎರಡು ತಿಂಗಳು ಬೇಕು. ತೊಂದರೆ ಪೂರ್ತಿ ಹೋಗಿ ಒಂದು ತಿಂಗಳಾದ ಮೇಲೆ ನಿಧಾನಕ್ಕೆ ಇಳಿಸಬೇಕು. ಪಾಟಿ ಕಲಿಯುವ ವಯಸ್ಸಿನ ಮಗುವಾದರೆ ಕಲಿತು ಮುಗಿಯುವ ತನಕ ನಿಲ್ಲಿಸುವುದೇ ಇಲ್ಲ. ‘ಅಭ್ಯಾಸ ಆಗಿಬಿಡ್ತದೆ’ ಅನ್ನುವ ಹೆದರಿಕೆ ಬೇಡ, ಈ ಔಷಧಿಗೆ ಕರುಳು ಒಗ್ಗಿಹೋಗುವುದಿಲ್ಲ.

ಹಾಲು ದಿನಕ್ಕೆ 400ರಿಂದ 500 ಮಿ.ಲೀ., ಲೋಟದಲ್ಲಿ. ನಡುರಾತ್ರಿಯ ಬಾಟಲಿ ಮೊದಲು ಹೋಗಲಿ. ಲೀಟರ್ ಹಾಲು ಕುಡಿದ ಹೊಟ್ಟೆಯಲ್ಲಿ ಸೊಪ್ಪಿಗೂ ಕಾಳಿಗೂ ಜಾಗ ಉಳಿಯುವುದಿಲ್ಲ, ಕಬ್ಬಿಣದ ಅಂಶವೂ ಇಳಿಯುತ್ತದೆ. ಹೇಗೂ ಆಸ್ಪತ್ರೆಗೆ ಹೋಗುತ್ತೀರಲ್ಲ, ಹಿಮೋಗ್ಲೋಬಿನ್ ಒಮ್ಮೆ ನೋಡಿಸಿ.

ಪ್ರಶ್ನೆ (ಸಾಗರದಿಂದ):
ಊಟದ ಬಗ್ಗೆ ಸ್ವಲ್ಪ ಬಿಡಿಸಿ ಹೇಳಿ ಮೇಡಂ. ನಮ್ಮ ಕಡೆ ಎಲ್ಲ ಅಕ್ಕಿಯೇ.

ಮಕ್ಕಳ ವೈದ್ಯೆ:
ಅಕ್ಕಿಯ ತಪ್ಪಲ್ಲ, ಅಕ್ಕಿಯ ಜೊತೆ ಏನೂ ಇಲ್ಲದಿರುವುದು ತಪ್ಪು. ಬೆಳಿಗ್ಗೆ ಕಡುಬು, ಮಧ್ಯಾಹ್ನ ಹಾಲನ್ನ, ಸಂಜೆ ಬಿಸ್ಕತ್ತು, ರಾತ್ರಿ ಗಂಜಿ, ಹೀಗೆ ಇಡೀ ದಿನ ನಾರಿಲ್ಲದೆ ಕಳೆಯುತ್ತದೆ. ಎರಡು ವರ್ಷ ದಾಟಿದ ಮಗುವಿಗೆ ವಯಸ್ಸಿಗೆ ಐದು ಕೂಡಿಸಿದಷ್ಟು ಗ್ರಾಂ ನಾರು ಬೇಕು ಅನ್ನುವುದು ಸುಲಭದ ಲೆಕ್ಕ; ಮೂರರ ಮಗುವಿಗೆ ಎಂಟು ಗ್ರಾಂ. ಹರಿವೆ, ಬಸಳೆ ಹಿತ್ತಿಲಲ್ಲೇ ಇರುತ್ತವೆ. ಸೊಪ್ಪನ್ನು ಸಾರಿನ ಬಸಿದ ನೀರಾಗಿ ಕೊಡಬೇಡಿ, ಸೊಪ್ಪನ್ನೇ ಮಸೆದು ಅನ್ನಕ್ಕೆ ಕಲಸಿ. ಹೆಸರುಕಾಳು ಬೇಯಿಸಿದ್ದು ಎರಡು ಮೂರು ಚಮಚ. ಪಪ್ಪಾಯಿ, ಪೇರಲೆ, ಚೆನ್ನಾಗಿ ಮಾಗಿದ ಬಾಳೆಹಣ್ಣು. ಅರೆಮಾಗಿದ ಬಾಳೆ ಬೇಡ. ಒಣದ್ರಾಕ್ಷಿ ಎಂಟು ಹತ್ತನ್ನು ರಾತ್ರಿ ನೆನೆಸಿ, ಬೆಳಿಗ್ಗೆ ಕಿವುಚಿ ನೀರಿನ ಸಮೇತ ಕೊಡಿ, ಇಡೀ ದ್ರಾಕ್ಷಿ ಈ ವಯಸ್ಸಿಗೆ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು. ನೀರು 100 ಮಿ.ಲೀ. ಲೋಟದಲ್ಲಿ ಐದಾರು. ಮಳೆಗಾಲದಲ್ಲಿ ಬಾಯಾರಿಕೆ ಆಗುವುದಿಲ್ಲ, ಮಗು ಕೇಳುವುದೂ ಇಲ್ಲ, ಆಷಾಢದಲ್ಲಿ ಮಲಬದ್ಧತೆ ಹೆಚ್ಚುವುದಕ್ಕೆ ಇದೂ ಒಂದು ಕಾರಣ. ಉಗುರುಬೆಚ್ಚಗಿನ ನೀರನ್ನು ನೀವೇ ಹೊತ್ತು ಹೊತ್ತಿಗೆ ಕೊಡಬೇಕು.

ಆದರೆ ಒಳಗೆ ಈಗಾಗಲೇ ಕಟ್ಟಿಕೊಂಡಿದ್ದರೆ ಪಪ್ಪಾಯಿಯೊಂದರಿಂದ ಅದು ಬಿಡುವುದಿಲ್ಲ. ಊಟ ಮತ್ತೆ ಬಾರದ ಹಾಗೆ ನೋಡಿಕೊಳ್ಳಲಿಕ್ಕೆ, ಕಟ್ಟಿದ್ದನ್ನು ಬಿಡಿಸಲಿಕ್ಕೆ ಔಷಧಿಯೇ ಬೇಕು.

ಪ್ರಶ್ನೆ (ಸೊರಬದ ಒಬ್ಬ ಅಜ್ಜಿಯ ಪರವಾಗಿ ಮೊಮ್ಮಗಳು):
ವೀಳ್ಯದೆಲೆಯ ತೊಟ್ಟಿಗೆ ಹರಳೆಣ್ಣೆ ಹಚ್ಚಿ ಇಟ್ಟರೆ ಐದು ನಿಮಿಷಕ್ಕೆ ಆಗ್ತದೆ, ಇಷ್ಟುದ್ದ ಔಷಧಿ ಯಾಕೆ ಅಂತ ಅಜ್ಜಿ ಕೇಳ್ತಿದ್ದಾರೆ.

ಮಕ್ಕಳ ವೈದ್ಯೆ:
ಆಗ್ತದೆ ಅನ್ನುವುದು ನಿಜ ಅಜ್ಜಿ. ಗುದದ ಒಳಗೆ ಏನೇ ತಾಗಿದರೂ ಅದು ಕೆರಳಿ ಹೊರಗೆ ತಳ್ಳುತ್ತದೆ, ಸೋಪಿನ ಕಡ್ಡಿಯೂ ಅದನ್ನೇ ಮಾಡುತ್ತದೆ. ಆದರೆ ಈ ಮಗು ಹೆದರಿರುವುದೇ ಆ ಜಾಗಕ್ಕೆ. ನಾಲ್ಕು ಜನ ಕೈಕಾಲು ಹಿಡಿದು ತೊಟ್ಟು ಇಟ್ಟರೆ ಇವತ್ತಿನ ಮಲ ಹೋಗುತ್ತದೆ, ನಾಳೆಯಿಂದ ಅವನು ಇನ್ನೂ ಬಿಗಿ ಹಿಡಿಯುತ್ತಾನೆ. ಸೀಳಿದ ಅಂಚಿಗೆ ಮತ್ತೆ ಪೆಟ್ಟು, ಸೋಪಾದರೆ ಉರಿ ಬೇರೆ. ಹರಳೆಣ್ಣೆ ಕುಡಿಸುವುದೂ ಬೇಡ, ಹೊಟ್ಟೆ ಹಿಂಡಿ ನೋವು ಬರುತ್ತದೆ. ಎಣ್ಣೆಯೇ ಬೇಕು ಅಂದರೆ ಸ್ನಾನಕ್ಕೆ ಮೊದಲು ಕೊಬ್ಬರಿ ಎಣ್ಣೆ ಬೆಚ್ಚಗೆ ಮಾಡಿ ಹೊಟ್ಟೆಗೆ ಹಚ್ಚಿ, ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ಮೆಲ್ಲಗೆ ತಿಕ್ಕಿ. ಅದು ನಿಮ್ಮ ಕೈಗೇ ಚೆನ್ನಾಗಿ ಬರುವ ಕೆಲಸ.

ಪ್ರಶ್ನೆ (ಅದೇ ಮೊಮ್ಮಗಳು):
ಇನ್ನೊಂದು ಪ್ರಶ್ನೆ ಅವರದೇ. ಹಿಂದೆ ವರ್ಷ ತುಂಬುವಷ್ಟರಲ್ಲಿ ಎಲ್ಲ ಮಕ್ಕಳೂ ಕಲೀತಿದ್ದವು, ಈಗ ಮೂರಾದರೂ ಯಾಕಿಲ್ಲ?

ಅಂಗನವಾಡಿ ಟೀಚರ್:
ಇದಕ್ಕೆ ನಾನು ಹೇಳ್ತೇನೆ. ಆಗ ಅಮ್ಮನೋ ಅಜ್ಜಿಯೋ ಮಣೆ ಮೇಲೆ ಕೂತು, ಕಾಲು ಚಾಚಿ, ಎರಡು ಪಾದದ ಮೇಲೆ ಮಗುವನ್ನು ಕೂರಿಸಿ ‘ಸ್‌ಸ್‌ಸ್’ ಅಂತಿದ್ದರು. ಬೆಳಿಗ್ಗೆ ಎದ್ದ ಕೂಡಲೇ ಒಮ್ಮೆ, ಹಾಲು ಕುಡಿಸಿ ಸ್ವಲ್ಪ ಹೊತ್ತಿಗೆ ಒಮ್ಮೆ. ಸಮಯ ಗೊತ್ತಿದ್ದದ್ದು ದೊಡ್ಡವರಿಗೆ, ಮಗುವಿಗೆ ಆ ಸದ್ದು ಗೊತ್ತಿತ್ತು. ಮಗು ತಾನೇ ತಡೆದು, ತಾನೇ ಹೇಳಿ, ತಾನೇ ಚಡ್ಡಿ ಜಾರಿಸಿ ಹೋಗುವುದು ಆಗಲೂ ಎರಡು ಎರಡೂವರೆಗೇ. ಹಾಗಂತ ಹಳೇ ಪದ್ಧತಿ ಕೆಟ್ಟದ್ದಲ್ಲ. ಕಾಲ ಮೇಲೆ ಕೂರಿಸಿದಾಗ ತೊಡೆಗೆ ಆಧಾರ, ಮೊಣಕಾಲು ಮೇಲೆ, ಬೆನ್ನಿಗೆ ದೊಡ್ಡವರ ಕಾಲಿನ ಬಿಸಿ. ಅಂಗಡಿಯ ಯಾವ ಪಾಟಿಯೂ ಅಷ್ಟು ಚೆನ್ನಾಗಿ ಕೂರಿಸುವುದಿಲ್ಲ. ಒಂದೂವರೆ ವರ್ಷದ ತನಕ ಮನೆಯಲ್ಲಿ ಅಜ್ಜಿ ಇದ್ದು, ಅವರ ಮಂಡಿ ಗಟ್ಟಿ ಇದ್ದರೆ ಮಾಡಿ.

ಮಕ್ಕಳ ವೈದ್ಯೆ:
ಒಪ್ಪಿದೆ. ಅಮೆರಿಕದ ಮಕ್ಕಳ ವೈದ್ಯ ಟಿ. ಬೆರಿ ಬ್ರೇಜಲ್ಟನ್ 1962ರಲ್ಲಿ 1170 ಮಕ್ಕಳ ಲೆಕ್ಕ ಪ್ರಕಟಿಸಿದರು. ಮಗು ಸಿದ್ಧವಾಗುವ ತನಕ ಕಾದು ಕಲಿಸಿದಾಗ ಹಗಲಿನ ಅಭ್ಯಾಸ ಸರಾಸರಿ 28 ತಿಂಗಳ ಆಸುಪಾಸಿಗೆ ಕೂತಿತ್ತು. ಸಿದ್ಧ ಅಂದರೆ ಇಷ್ಟು: ಎರಡು ಗಂಟೆ ಚಡ್ಡಿ ಒಣಗಿರುತ್ತದೆ, ಚಡ್ಡಿ ಕೆಳಗೆಳೆಯಲು ಬರುತ್ತದೆ, ‘ಚೆಂಡು ತಗೊಂಡು ಅಜ್ಜನಿಗೆ ಕೊಡು’ ಅನ್ನುವಂಥ ಎರಡು ಹಂತದ ಮಾತು ತಿಳಿಯುತ್ತದೆ, ಒದ್ದೆಯಾದರೆ ಇರುಸುಮುರುಸು. ತಿಂಗಳ ಲೆಕ್ಕಕ್ಕಿಂತ ಇವನ್ನು ನೋಡಿ.

ಪ್ರಶ್ನೆ (ಆಗುಂಬೆ ಹತ್ತಿರದ ತಂದೆ):
ನಮ್ಮದು ಬೇರೆ ಸಮಸ್ಯೆ. ಮಗಳಿಗೆ ಮೂರು. ಮಲ ಮೆತ್ತಗೇ ಇದೆ, ದಿನಾ ಹೋಗ್ತಾಳೆ, ಆದರೆ ಅಂಗಳದಲ್ಲಿ ಅಥವಾ ಚಡ್ಡಿಯಲ್ಲಿ. ಟಾಯ್ಲೆಟ್ ಮನೆಯಿಂದ ಹೊರಗಿದೆ, ನೆಲದ ಪ್ಯಾನು. ಒಳಗೆ ಬಂದರೆ ಕಿರುಚ್ತಾಳೆ.

ಅಂಗನವಾಡಿ ಟೀಚರ್:
ಅವಳ ಎತ್ತರಕ್ಕೆ ಬಗ್ಗಿ ಒಮ್ಮೆ ಆ ಬಾಗಿಲಲ್ಲಿ ನಿಂತು ನೋಡಿ ಅಣ್ಣಾ. ಕತ್ತಲು, ಪಾಚಿ ಕಟ್ಟಿದ ನೆಲ, ನಡುವೆ ಕಪ್ಪು ಗುಂಡಿ. ದೊಡ್ಡವರ ಪ್ಯಾನಿನ ಎರಡು ಮೆಟ್ಟಿನ ಮೇಲೆ ಕಾಲಿಟ್ಟರೆ ಅವಳ ಕಾಲು ಹರಿದುಹೋಗುವಷ್ಟು ಅಗಲ, ಬಿದ್ದೇಬಿಡ್ತೇನೆ ಅನ್ನಿಸ್ತದೆ. ಮಳೆಗಾಲವಾದರೆ ಹೋಗುವ ದಾರಿಯಲ್ಲಿ ಉಂಬಳ (ಜಿಗಣೆ) ಬೇರೆ. ‘ಗುಮ್ಮ ಬರ್ತಾನೆ, ಬೇಗ ಮುಗಿಸು’ ಅಂತ ಯಾರೋ ಒಮ್ಮೆ ಅಂದಿದ್ದರೂ ಸಾಕು.

ಆರು ತಿಂಗಳು ಆ ಟಾಯ್ಲೆಟ್ಟಿನ ಆಸೆ ಬಿಡಿ. ಕುಕ್ಕರಗಾಲಲ್ಲಿ ಕೂರುವ ಪ್ಲಾಸ್ಟಿಕ್ ಪಾಟಿಯನ್ನು ಜಗುಲಿಯ ಮೂಲೆಯಲ್ಲೋ ಬಚ್ಚಲಲ್ಲೋ ಇಡಿ. ಜಾಗ ಒಂದೇ ಇರಲಿ, ದಿನಕ್ಕೊಂದು ಕಡೆ ಬೇಡ. ಬಚ್ಚಲಲ್ಲಿ ಹಂಡೆ ಒಲೆ ಉರಿಯುತ್ತಿದ್ದರೆ ಅದರಿಂದ ದೂರ ಇಡಿ, ಸುಟ್ಟುಕೊಂಡಾರು. ತಳಕ್ಕೆ ಒಂದಿಷ್ಟು ನೀರು ಹಾಕಿಟ್ಟರೆ ತೊಳೆಯುವುದು ಸುಲಭ, ಆದರೆ ನೀರು ಅಂಡಿಗೆ ಸಿಡಿಯಬಾರದು. ಒಮ್ಮೆ ತಣ್ಣಗೆ ಸಿಡಿದರೆ ಮತ್ತೆ ಕೂರಲ್ಲ. ಮಲವನ್ನು ಅವಳ ಎದುರೇ ಹೊರಗಿನ ಟಾಯ್ಲೆಟ್ಟಿಗೆ ಹಾಕಿ, ಮಗ್ಗಿನಲ್ಲಿ ನೀರು ಹೊಯ್ಯುವ ಕೆಲಸ ಅವಳಿಗೆ ಕೊಡಿ. ಆ ಜಾಗ ಅದಕ್ಕೇ ಇರೋದು ಅಂತ ಅದರಿಂದ ಗೊತ್ತಾಗ್ತದೆ. ತೊಳೆಯಲು ಬೆಚ್ಚಗಿನ ನೀರು ಇರಲಿ. ನಮ್ಮ ಕಡೆಯ ಜುಲೈ ತಿಂಗಳಲ್ಲಿ ಟ್ಯಾಂಕಿನ ನೀರು ಅಂಡಿಗೆ ಬಿದ್ದರೆ ದೊಡ್ಡವರೇ ಹಾರುತ್ತೇವೆ.

ಆಮೇಲೆ ಒಂದು ಬಲ್ಬು, ನೆಲ ಉಜ್ಜಿ ಪಾಚಿ ತೆಗೆಯುವುದು, ಹಿಡಿದುಕೊಳ್ಳಲು ಗೋಡೆಗೆ ಅವಳೆತ್ತರದಲ್ಲಿ ಒಂದು ಹಿಡಿಕೆ. ಪಾಟಿಯನ್ನು ವಾರಕ್ಕೊಂದಿಷ್ಟು ಟಾಯ್ಲೆಟ್ಟಿನ ಕಡೆಗೆ ಸರಿಸುತ್ತಾ ಒಳಗೆ ತನ್ನಿ. ಪ್ಯಾನಿನ ಮೇಲೆ ಕೂರಿಸುವಾಗ ಮೆಟ್ಟಿನ ಮೇಲೆ ಅಡ್ಡಡ್ಡ ಕೂರಲಿ, ಮೊದಲ ದಿನಗಳಲ್ಲಿ ಎರಡೂ ಕೈ ಹಿಡಿದುಕೊಂಡೇ ಇರಿ.

ಪ್ರಶ್ನೆ (ಭದ್ರಾವತಿಯಿಂದ):
ನಮ್ಮಲ್ಲಿ ವೆಸ್ಟರ್ನ್ ಕಮೋಡ್. ಮೇಲೆ ಚಿಕ್ಕ ಸೀಟು ಹಾಕಿದ್ದೇವೆ. ಕೂರ್ತಾನೆ, ಆದರೆ ಏನೂ ಬರಲ್ಲ. ಇಪ್ಪತ್ತು ನಿಮಿಷ ಫೋನ್ ಕೊಟ್ಟು ಕೂರಿಸಿದರೂ ಇಲ್ಲ.

ಮಕ್ಕಳ ವೈದ್ಯೆ:
ಕಾಲು ತೂಗಾಡುತ್ತಿದೆಯಲ್ಲವೇ? ಕಾಲಿಗೆ ನೆಲ ಸಿಗದೆ ಒತ್ತಲು ಆಗುವುದಿಲ್ಲ, ನೀವೇ ಎತ್ತರದ ಕಟ್ಟೆ ಮೇಲೆ ಕಾಲು ಇಳಿಬಿಟ್ಟು ಕೂತು ಪ್ರಯತ್ನಿಸಿ. ಕಮೋಡ್ ಸುಮಾರು 40 ಸೆಂ.ಮೀ. ಎತ್ತರ. ಮಗುವಿನ ಪಾದದಿಂದ ಮೊಣಕಾಲಿನ ತನಕ ಅಳೆಯಿರಿ, 20 ಸೆಂ.ಮೀ. ಇದ್ದರೆ ಕಾಲ ಕೆಳಗೆ 22 ಸೆಂ.ಮೀ. ಎತ್ತರದ ಅಲುಗದ ಸ್ಟೂಲು ಬೇಕು. ಮೊಣಕಾಲು ಸೊಂಟಕ್ಕಿಂತ ಒಂದಿಷ್ಟು ಮೇಲಿರಬೇಕು, ಕಾಲು ಅಗಲ, ಮೈ ಮುಂದಕ್ಕೆ ಬಾಗಿ, ಮೊಣಕೈ ತೊಡೆಯ ಮೇಲೆ. ನೆಲದ ಪ್ಯಾನಿನಲ್ಲಿ ತಾನಾಗಿ ಬರುವ ಭಂಗಿಯನ್ನೇ ಇಲ್ಲಿ ನಾವು ಕಟ್ಟಿಕೊಡಬೇಕಾಗುತ್ತದೆ.

ಇಪ್ಪತ್ತು ನಿಮಿಷ ಬೇಡವೇ ಬೇಡ. ಮೂರರಿಂದ ಐದು ನಿಮಿಷ, ದಿನಕ್ಕೆ ಎರಡು ಸಲ, ಊಟವಾಗಿ 15ರಿಂದ 30 ನಿಮಿಷಕ್ಕೆ. ಹೊಟ್ಟೆಗೆ ಅನ್ನ ಬಿದ್ದಾಗ ದೊಡ್ಡ ಕರುಳು ತಾನೇ ಅಲುಗಲು ಶುರುಮಾಡುತ್ತದೆ, ಬೆಳಗಿನ ತಿಂಡಿಯ ನಂತರ ಅದು ಹೆಚ್ಚು ಜೋರು. ಆ ಹೊತ್ತನ್ನು ಹಿಡಿಯಿರಿ. ಫೋನ್ ತೆಗೆದಿಡಿ, ಮಗು ಚಿತ್ರದಲ್ಲಿ ಮುಳುಗಿದರೆ ಒಳಗಿನ ಕರೆ ಕೇಳುವುದಿಲ್ಲ. ಬದಲಿಗೆ ಸೋಪಿನ ಗುಳ್ಳೆ ಊದಿಸಿ ಅಥವಾ ಪೀಪಿ ಊದಿಸಿ. ಊದುವಾಗ ಹೊಟ್ಟೆಯ ಸ್ನಾಯು ಬಿಗಿಯುತ್ತದೆ, ಕೆಳಗಿನ ಬಾಗಿಲು ಸಡಿಲವಾಗುತ್ತದೆ. ‘ಮುಕ್ಕು, ಮುಕ್ಕು’ ಅಂದರೆ ಕೆಲವು ಮಕ್ಕಳು ಎರಡನ್ನೂ ಬಿಗಿದುಬಿಡುತ್ತವೆ. ಬರಲಿ ಬಿಡಲಿ, ಐದು ನಿಮಿಷಕ್ಕೆ ಎಬ್ಬಿಸಿ, ಕೂತಿದ್ದಕ್ಕೆ ಭೇಷ್ ಅನ್ನಿ.

ಪ್ರಶ್ನೆ (ಶಿಕಾರಿಪುರದಿಂದ):
ಭೇಷ್ ಅಂದರೆ ಸಾಕೋ, ಚಾಕಲೇಟು ಕೊಡಬಹುದೋ?

ಮಕ್ಕಳ ವೈದ್ಯೆ:
ಸ್ಟಿಕ್ಕರ್ ಕೊಡಿ, ಕೂತ ತಕ್ಷಣ. ಸಂಜೆ ಕೊಡುತ್ತೇನೆ ಅಂದರೆ ಈ ವಯಸ್ಸಿಗೆ ಅದರ ಸಂಬಂಧ ತಿಳಿಯುವುದಿಲ್ಲ. ಮೊದಲು ಕೂರುವುದಕ್ಕೆ, ಅದು ಸಲೀಸಾದ ಮೇಲೆ ಆಗಿದ್ದಕ್ಕೆ.

ಅಂಗನವಾಡಿ ಟೀಚರ್:
ನನಗೆ ಸ್ಟಿಕ್ಕರ್ ಬಗ್ಗೆ ಅಷ್ಟು ನಂಬಿಕೆ ಇಲ್ಲ ಡಾಕ್ಟ್ರೇ. ವಾರ ಕಳೆದರೆ ಸ್ಟಿಕ್ಕರ್ ಕೊಡದಿದ್ದರೆ ಕೂರಲ್ಲ ಅಂತಾವೆ. ಅಂಗನವಾಡಿಯಲ್ಲಿ ಹತ್ತೂವರೆಗೆ ಎಲ್ಲರೂ ಸಾಲಾಗಿ ಹೋಗುವಾಗ, ಮನೆಯಲ್ಲಿ ಕೂರದ ಮಗುವೂ ಮುಂದಿನವರನ್ನು ನೋಡಿ ಕೂರ್ತದೆ. ಅಕ್ಕಪಕ್ಕದಲ್ಲಿ ನಾಲ್ಕು ವರ್ಷದ ಮಗು ಇದ್ದರೆ ಅದೇ ಒಳ್ಳೇ ಮೇಷ್ಟ್ರು.

ಮಕ್ಕಳ ವೈದ್ಯೆ:
ಒಂಟಿ ಮನೆಯ ಮಗುವಿಗೆ ಆ ಮೇಷ್ಟ್ರನ್ನು ಎಲ್ಲಿಂದ ತರುವುದು, ಅದಕ್ಕೆ ಸ್ಟಿಕ್ಕರ್. ಎರಡು ವಾರ ಮಾತ್ರ ಅನ್ನುವುದನ್ನು ಒಪ್ಪುತ್ತೇನೆ. ಚಾಕಲೇಟು ನಮ್ಮಿಬ್ಬರಿಗೂ ಬೇಡ.

ಪ್ರಶ್ನೆ (ತೀರ್ಥಹಳ್ಳಿಯಿಂದ):
ಡೈಪರ್ ಬಿಡಿಸಲು ಯಾವ ತಿಂಗಳು ಒಳ್ಳೇದು? ಮಳೆಗಾಲದಲ್ಲಿ ಶುರುಮಾಡಿ ಸೋತೆವು.

ಅಂಗನವಾಡಿ ಟೀಚರ್:
ಸೋಲದೆ ಇನ್ನೇನು? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ ಒಣಗಲ್ಲ, ಬೆವರು ಇಲ್ಲದ್ದಕ್ಕೆ ಉಚ್ಚೆಯೂ ಜಾಸ್ತಿ. ಅಡಿಕೆ ಕೊಯ್ಲು ಶುರುವಾದ ಮೇಲೂ ಬೇಡ, ಮನೆ ತುಂಬ ಕೆಲಸದವರು, ಮಗುವಿನ ಹಿಂದೆ ಓಡಲು ಯಾರಿಗೆ ಪುರುಸೊತ್ತು. ಫೆಬ್ರವರಿಯಿಂದ ಮೇ ಒಳ್ಳೇ ಹೊತ್ತು. ಬರಿಮೈಯಲ್ಲಿ ಬಿಡಬಹುದು, ಒದ್ದೆಯಾದದ್ದು ಅರ್ಧ ಗಂಟೆಗೆ ಒಣಗ್ತದೆ.

ಮನೆಯಲ್ಲಿ ಒಬ್ಬರು ಪೂರ್ತಿ ಬಿಡುವಾಗಿರುವ ಮೂರು ನಾಲ್ಕು ದಿನ ಆರಿಸಿಕೊಳ್ಳಿ. ಎಲಾಸ್ಟಿಕ್ ಸಡಿಲ ಇರುವ ಹತ್ತಿ ಚಡ್ಡಿ ಹತ್ತು ಹನ್ನೆರಡು. ಬಟನ್, ಜಿಪ್ಪು, ಲಾಡಿ ಯಾವುದೂ ಬೇಡ. ಎದ್ದ ಕೂಡಲೇ, ತಿಂಡಿ ಆದ ಮೇಲೆ, ಸ್ನಾನಕ್ಕೆ ಮೊದಲು, ಮಲಗುವ ಮೊದಲು, ಹೊರಗೆ ಹೊರಡುವ ಮೊದಲು, ಉಳಿದಂತೆ ಒಂದೂವರೆ ಎರಡು ಗಂಟೆಗೊಮ್ಮೆ ಕರೆದುಕೊಂಡು ಹೋಗಿ. ಹದಿನೈದು ನಿಮಿಷಕ್ಕೊಮ್ಮೆ ‘ಬಂತಾ, ಬಂತಾ’ ಅಂತ ಕೇಳಬೇಡಿ. ಮಗುವಿಗೆ ತಲೆ ಕೆಡ್ತದೆ, ಚೀಲ ತುಂಬಿದ ಅರಿವೂ ಬರಲ್ಲ. ‘ಹೋಗೋಣ್ವಾ?’ ಅಂದರೆ ಉತ್ತರ ‘ಬೇಡ’. ‘ಈಗ ಪಾಟಿ ಹೊತ್ತು, ಕೆಂಪು ಚೆಂಡು ತರ್ತೀಯೋ ಬಸ್ಸು ತರ್ತೀಯೋ?’ ಅನ್ನಿ. ನೆಲದಲ್ಲಿ ಆದರೆ ‘ಉಚ್ಚೆ ಪಾಟಿಗೆ’ ಅಂತ ಒಂದೇ ಮಾತು, ಒರೆಸಲು ಒಂದು ಬಟ್ಟೆ ಅವರ ಕೈಗೂ ಕೊಡಿ. ಗಂಡು ಮಕ್ಕಳು ಮೊದಲು ಕೂತೇ ಹೊಯ್ಯಲಿ, ನಿಂತು ಹೊಯ್ಯುವುದನ್ನು ಮೊದಲೇ ಕಲಿಸಿದರೆ ಎರಡಕ್ಕೆ ಕೂರಿಸುವುದು ಕಷ್ಟ. ನಾಲ್ಕನೇ ದಿನಕ್ಕೂ ಕಿರುಚಾಟವೇ ಆದರೆ ನಿಲ್ಲಿಸಿ, ತಿಂಗಳು ಬಿಟ್ಟು ಮತ್ತೆ ನೋಡಿ.

ಬಳಸಿದ ಡೈಪರನ್ನು ಹಂಡೆ ಒಲೆಗೆ ತುರುಕಬೇಡಿ, ಒಳಗಿರುವುದು ಪ್ಲಾಸ್ಟಿಕ್. ತೋಟದ ಕಾಲುವೆಗೂ ಹಳ್ಳಕ್ಕೂ ಎಸೆಯಬೇಡಿ. ಮಲ ಟಾಯ್ಲೆಟ್ಟಿಗೆ ಹಾಕಿ, ಡೈಪರ್ ಸುತ್ತಿ ಪಂಚಾಯಿತಿ ಕಸದ ಗಾಡಿಗೆ ಪ್ರತ್ಯೇಕವಾಗಿ ಕೊಡಿ.

ಪ್ರಶ್ನೆ (ಶಿವಮೊಗ್ಗದಿಂದ):
ಮಗಳು ಎರಡೂವರೆಗೇ ಕಲಿತಿದ್ದಳು. ತಮ್ಮ ಹುಟ್ಟಿದ ಮೇಲೆ ಬಾಣಂತನಕ್ಕೆ ಅಮ್ಮನ ಮನೆಗೆ ಬಂದಿದ್ದೇವೆ, ಈಗ ದಿನಕ್ಕೆ ಐದಾರು ಸಲ ಚಡ್ಡಿಯಲ್ಲೇ. ಉಚ್ಚೆ ಉರಿ ಅಂತಾಳೆ.

ಮಕ್ಕಳ ವೈದ್ಯೆ:
ತಮ್ಮ ಬಂದಾಗ ಹಿಂದೆ ಸರಿಯುವುದು ಸಹಜ, ನಾಲ್ಕಾರು ವಾರದಲ್ಲಿ ತಾನೇ ಸರಿಹೋಗುತ್ತದೆ. ಆದರೆ ‘ಉರಿ’ ಅನ್ನುವ ಮಾತು ಬಂದಿತಲ್ಲ, ತಮ್ಮನ ಮೇಲೆ ಹಾಕಿ ಸುಮ್ಮನಿರಬೇಡಿ. ಇವತ್ತೋ ನಾಳೆಯೋ ಮೂತ್ರ ಪರೀಕ್ಷೆ ಮಾಡಿಸಿ. ಜ್ವರವೂ ಇದ್ದರೆ ಇವತ್ತೇ, ಮೆಗ್ಗಾನ್ ಆಸ್ಪತ್ರೆಯ ಮಕ್ಕಳ ವಿಭಾಗ ಹತ್ತಿರವೇ ಇದೆ. ಹೆಣ್ಣು ಮಕ್ಕಳನ್ನು ಮುಂದಿನಿಂದ ಹಿಂದಕ್ಕೆ ತೊಳೆಯಬೇಕು. ಮಲ ಗಟ್ಟಿಯಾಗಿದೆಯೇ ಅಂತಲೂ ನೋಡಿ. ತುಂಬಿದ ಗುದ ಮೂತ್ರಚೀಲವನ್ನು ಒತ್ತುವುದರಿಂದ ಪದೇ ಪದೇ ಉಚ್ಚೆ, ಪದೇ ಪದೇ ಸೋಂಕು ಎರಡೂ ಬರುತ್ತವೆ. ರಾತ್ರಿ ಹಿಂಬದಿ ತುರಿಸಿಕೊಳ್ಳುತ್ತಿದ್ದರೆ ದಾರದ ಹುಳು ಇರಬಹುದು. ಫೆಬ್ರವರಿ 10 ಮತ್ತು ಆಗಸ್ಟ್ 10ರ ಜಂತುಹುಳು ನಿವಾರಣಾ ದಿನಕ್ಕೆ ಅಂಗನವಾಡಿಯಲ್ಲಿ ಅಲ್ಬೆಂಡಜೋಲ್ ಕೊಡುತ್ತಾರೆ. ಒಂದರಿಂದ ಎರಡು ವರ್ಷದೊಳಗಿದ್ದರೆ 200 ಮಿ.ಗ್ರಾಂ, ಮೇಲಿದ್ದರೆ 400. ಪುಡಿ ಮಾಡಿ ನೀರಿನಲ್ಲಿ ಕೊಡಬೇಕು.

ಪ್ರಶ್ನೆ (ಸಾಗರದಿಂದ):
ರಾತ್ರಿ ಡೈಪರ್ ಯಾವಾಗ ಬಿಡಿಸೋದು?

ಮಕ್ಕಳ ವೈದ್ಯೆ:
ಬೆಳಿಗ್ಗೆ ಒಣ ಡೈಪರ್‌ನಲ್ಲಿ ಏಳುವುದು ವಾರಕ್ಕೆ ಐದಾರು ದಿನ ಆದಾಗ. ರಾತ್ರಿಯದ್ದು ಕಲಿಸಿ ಬರುವುದಲ್ಲ, ಮೈ ಬಲಿತಾಗ ಬರುವುದು. ಐದು ವರ್ಷದ ತನಕ ಹಾಸಿಗೆ ಒದ್ದೆಯಾದರೆ ಅದನ್ನು ಕಾಯಿಲೆ ಅನ್ನುವುದೇ ಇಲ್ಲ. ರಬ್ಬರ್ ಶೀಟಿನ ಮೇಲೆ ಹಳೇ ಸೀರೆ ನಾಲ್ಕು ಮಡಿಕೆ ಹಾಕಿ ಮಲಗಿಸಿ.

ತಡಮಾಡದೆ ಡಾಕ್ಟರಿಗೆ ತೋರಿಸಬೇಕಾದ ಕೆಲವನ್ನು ಇಲ್ಲೇ ಹೇಳಿಬಿಡುತ್ತೇನೆ. ಹುಟ್ಟಿದ 48 ಗಂಟೆಯೊಳಗೆ ಮೊದಲ ಕಪ್ಪು ಮಲ ಹೋಗದೆ ಆಮೇಲಿಂದಲೂ ತೊಂದರೆ ಇರುವ ಮಗು, ಹೊಟ್ಟೆ ಉಬ್ಬಿ ವಾಂತಿ, ತೂಕ ಏರದಿರುವುದು, ಬೆನ್ನಿನ ಕೆಳಭಾಗದಲ್ಲಿ ಕೂದಲ ಕುಚ್ಚು ಅಥವಾ ಕುಳಿ, ಕಾಲಿನ ಶಕ್ತಿ ಕುಂದುವುದು. ಗಂಡು ಮಗುವಿನ ಉಚ್ಚೆ ಧಾರೆಯಾಗಿ ಬರದೆ ತೊಟ್ಟಿಕ್ಕುವುದು. ವಿಪರೀತ ಬಾಯಾರಿಕೆಯ ಜೊತೆ ವಿಪರೀತ ಉಚ್ಚೆ ಇದ್ದರೆ ಅದೇ ದಿನ ರಕ್ತದ ಸಕ್ಕರೆ ನೋಡಿಸಬೇಕು.

ಹೊಸನಗರ ಕಡೆಯ ತಾಯಿ (ಮೂರು ವಾರದ ನಂತರ):
ಡಾಕ್ಟ್ರೇ, ತೋರಿಸಿದೆವು, ಕಟ್ಟಿಕೊಂಡಿತ್ತು. ಪುಡಿ ಕೊಡ್ತಾ ಇದ್ದೇವೆ. ಈಗ ದಿನಾ ಒಂದು ಸಲ, ಮೆತ್ತಗೆ. ಕಲೆ ನಿಂತಿದೆ. ಆದರೆ ಇನ್ನೂ ಡೈಪರೇ ಬೇಕು ಅಂತಾನೆ, ಬಾಗಿಲ ಹಿಂದೆಯೇ.

ಮಕ್ಕಳ ವೈದ್ಯೆ:
ಹಾಗಿದ್ದರೆ ಈಗ ಪಾಟಿ ಹೊರಗೆ ತೆಗೆಯಿರಿ. ನೋವು ಹೋದರೂ ಅದರ ನೆನಪು ಹೋಗಲು ಹೊತ್ತು ಬೇಕು. ಒಂದೊಂದು ಮೆಟ್ಟಿಲು ಮೂರರಿಂದ ಐದು ದಿನ. ಮೊದಲು ಡೈಪರ್ ಹಾಕಿ, ಬಾಗಿಲ ಹಿಂದಿನ ಬದಲು ಬಚ್ಚಲಲ್ಲಿ ನಿಂತು ಮಾಡಲಿ. ಆಮೇಲೆ ಡೈಪರ್ ಹಾಕಿಕೊಂಡೇ ಪಾಟಿ ಮೇಲೆ ಕೂತು. ಆಮೇಲೆ ಅಂಟು ಸಡಿಲ ಮಾಡಿ. ಆಮೇಲೆ ಡೈಪರ್‌ಗೆ ನಡುವೆ ಕತ್ತರಿಯಲ್ಲಿ ತೂತು, ಮಲ ಪಾಟಿಗೆ ಬೀಳಲಿ. ಡೈಪರೊಳಗಿನ ಹರಳು ಚೆಲ್ಲದ ಹಾಗೆ ತೂತಿನ ಅಂಚಿಗೆ ಟೇಪು ಹಚ್ಚಿ. ಕೊನೆಗೆ ಬಿಚ್ಚಿದ ಡೈಪರನ್ನು ಪಾಟಿಯೊಳಗೆ ಹಾಸಿ, ಅದರ ಮೇಲೆ ಕೂರಿಸಿ. ಒಂದು ಮೆಟ್ಟಿಲಲ್ಲಿ ಎರಡು ದಿನ ತಡೆಹಿಡಿದರೆ ಹಿಂದಿನ ಮೆಟ್ಟಿಲಿಗೆ ಇಳಿಯಿರಿ. ಪುಡಿ ನಿಲ್ಲಿಸಬೇಡಿ.

ಹೊಸನಗರ ಕಡೆಯ ತಾಯಿ (ಹತ್ತು ದಿನದ ನಂತರ):
ನಿನ್ನೆ ಡೈಪರ್ ಹಾಕಿಕೊಂಡು ಪಾಟಿ ಮೇಲೆ ಕೂತು ಮಾಡಿದ! ಅತ್ತೆ ಗುಳ್ಳೆ ಊದ್ತಾ ಎದುರಿಗೆ ಕೂತಿದ್ದರು. ನಾಳೆಯಿಂದ ಡೈಪರ್ ತೆಗೆದೇ ಕೂರಿಸಲಾ?

ಮಕ್ಕಳ ವೈದ್ಯೆ:
ಬೇಡ. ಇನ್ನೂ ನಾಲ್ಕು ದಿನ ಹಾಗೇ ಇರಲಿ, ಆಮೇಲೆ ಅಂಟು ಮಾತ್ರ ಸಡಿಲ. ಗುಳ್ಳೆ ಊದುವ ಕೆಲಸ ಅತ್ತೆಯವರಿಗೇ ಇರಲಿ.